ಗಿಲಾವಿನ ಮೇಲಿನ ಗಾಜು

ಹೊಗಳಿಕೆಯ ಮೆಸೇಜು ಓದಿ ಮನುಷ್ಯನ ಅಂಗೈ ಬೆವರಬಹುದು ಎಂಬುದು ಪಂಢರಿನಾಥನಿಗೆ ಗೊತ್ತಾದದ್ದು ಅರವತ್ತೆರಡನೆಯ ವಯಸ್ಸಿನಲ್ಲಿ, ಒಂದು ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ, ಎರಡನೆಯ ಚಹಾ ಅರ್ಧ ಕುಡಿದಿದ್ದಾಗ. ಹಳೆಯ ಮನೆಗಳನ್ನು ಪುಕ್ಕಟೆ ಪರೀಕ್ಷಿಸುವ ಎಂಜಿನಿಯರುಗಳ ಬಳಗದ ವಾಟ್ಸಾಪ್ ಗುಂಪಿನಲ್ಲಿ, ಬಳಗದ ಕೆಲಸ ನೋಡಿಕೊಳ್ಳುವ ಭಾಗ್ಯಶ್ರೀ ಬರೆದಿದ್ದಳು: ‘ಕಮರಿಪೇಟೆ, ಕಸ್ತೂರೆವ್ವನವರ ಮನೆ. ಆರು ವಾರವಾಯಿತು, ಗಾಜು ಒಡೆದಿಲ್ಲ, ಗೋಡೆ ಅಲುಗಿಲ್ಲ. ಇವತ್ತು ಸಂಜೆ ನಾಲ್ಕಕ್ಕೆ ತೊಲೆಯ ಕೆಳಗಿನ ಜಾಕು ಬಿಚ್ಚಿ ಹೆಬ್ಬಳ್ಳಿಗೆ ಒಯ್ಯುತ್ತೇವೆ. ಒಂದು ಶನಿವಾರವೂ ತಪ್ಪಿಸದೆ ಹೋಗಿ ನೋಡಿದ ಪಂಢರಿನಾಥ ಸರ್ ಅವರಿಗೆ ನಮ್ಮೆಲ್ಲರ ನಮಸ್ಕಾರ.’ ಕೆಳಗೆ ಹನ್ನೊಂದು ಜನ ಕೈಮುಗಿದ ಚಿತ್ರ ಹಾಕಿದ್ದರು, ಒಬ್ಬರಂತೂ ಹೂಗುಚ್ಛವನ್ನೇ ಹಾಕಿದ್ದರು. ಪಂಢರಿನಾಥ ಎರಡು ಸಲ ಓದಿದ. ಮೂರನೆಯ ಸಲ ಓದುವಾಗ ಕಣ್ಣು ‘ಜಾಕು ಬಿಚ್ಚಿ’ ಎಂಬಲ್ಲಿ ನಿಂತಿತು, ಮುಂದೆ ಹೋಗಲೊಲ್ಲದು. ಆ ಎರಡು ಕಬ್ಬಿಣದ ಕಂಬಗಳು ತೊಲೆಗೆ ಆಸರೆಯಾಗಿ ನಿಂತಿರುವ ತನಕ ಅವನು ಮಾಡಿದ ಕೆಲಸ ಖೊಟ್ಟಿಯಾಗಿದ್ದರೂ ನಡೆಯುತ್ತಿತ್ತು. ನಾಲ್ಕು ಗಂಟೆಯ ಮೇಲೆ ನಡೆಯುವುದಿಲ್ಲ.

ಕೆಲಸವೇನು ದೊಡ್ಡದಲ್ಲ. ಹಳೆಯ ಹುಬ್ಬಳ್ಳಿಯ ಮಣ್ಣಿನ ಗೋಡೆಗಳು ಮಳೆಗಾಲ ಮುಗಿದ ಮೇಲೆ ಬಿರುಕು ಬಿಡುತ್ತವೆ. ಬಿರುಕು ನಿಂತದ್ದೋ ಇನ್ನೂ ಬಾಯಿ ತೆರೆಯುತ್ತಿದೆಯೋ ಎಂದು ನೋಡಲು ಅದರ ಮೇಲೆ ಅಡ್ಡಲಾಗಿ ಬೆರಳಗಲದ ಗಾಜಿನ ಪಟ್ಟಿಯೊಂದನ್ನು ಅಂಟಿಸಿ ತಾರೀಖು ಬರೆಯುತ್ತಾರೆ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಪಟ್ಟನೆ ಒಡೆಯುತ್ತದೆ. ಒಂದೇ ಒಂದು ನಿಯಮ: ಮೊದಲು ಗೋಡೆಯ ಮೇಲ್ಹೊದಿಕೆಯಾದ ಗಿಲಾವನ್ನು ಕೆತ್ತಿ ತೆಗೆಯಬೇಕು, ಒಳಗಿನ ಕಲ್ಲೋ ಇಟ್ಟಂಗಿಯೋ ಕಂಡಮೇಲೆ ಅದಕ್ಕೇ ಅಂಟಿಸಬೇಕು. ಯಾಕೆಂದರೆ ಮಣ್ಣಿನ ಗೋಡೆಗೆ ಯಾವಾಗಲೋ ಬಳಿದ ಸಿಮೆಂಟಿನ ಗಿಲಾವು ಎಷ್ಟೋ ಕಡೆ ಗೋಡೆಯನ್ನು ಬಿಟ್ಟು ತಾನೇ ಬೇರೆ ನಿಂತಿರುತ್ತದೆ. ಒಳಗೆ ಗೋಡೆ ಸತ್ತರೂ ಅದಕ್ಕೆ ಸುದ್ದಿ ಮುಟ್ಟುವುದಿಲ್ಲ. ಕಸ್ತೂರೆವ್ವನ ಮನೆಯಲ್ಲಿ ಪಂಢರಿನಾಥ ಗಾಜನ್ನು ಗಿಲಾವಿನ ಮೇಲೆಯೇ ಅಂಟಿಸಿ ಬಂದಿದ್ದ. ಫಾರಮಿನಲ್ಲಿ ‘ಗಿಲಾವು ಕೆತ್ತಿದೆಯೇ?’ ಎಂಬುದರ ಮುಂದೆ ‘ಹೌದು’ ಎಂಬಲ್ಲಿ ಚಂದಗೆ ಗುರುತು ಹಾಕಿದ್ದ.

ಅವತ್ತು ಆದದ್ದು ಇಷ್ಟೇ. ಗೋಡೆಗೆ ಹೊಸದಾಗಿ ಗಿಳಿಹಸಿರು ಬಣ್ಣ ಹೊಡೆಸಿತ್ತು. ಕಸ್ತೂರೆವ್ವ ಆ ಪಡಸಾಲೆಯಲ್ಲಿ ರೊಟ್ಟಿಯ ಕೆಲಸ ನಡೆಸುತ್ತಾಳೆ. ನಾಲ್ಕು ಹೆಣ್ಣುಮಕ್ಕಳು ಬೆಳಗಿನಿಂದ ಬಡಿಯುತ್ತ ಕೂತಿರುತ್ತಾರೆ. “ಬಣ್ಣಾ ಹಚ್ಚಿಸಿ ಎಂಟ ದಿನಾ ಆಗಿಲ್ರಿ ಸಾಹೇಬ್ರ, ಕೆತ್ತೂದ ಬೇಕಽ ಏನ್ರಿ?” ಎಂದು ಆಕೆ ಕೇಳಿದಾಗ, “ಬ್ಯಾಡ ಬಿಡ್ರಿ, ನಿಮ್ಮ ಗೋಡಿ ಯಾಕ ಹೊಲಸ ಮಾಡ್ಲಿ” ಎಂದು ಅವನು ದೊಡ್ಡ ಮನಸ್ಸು ತೋರಿಸಿದ. ಆ ದೊಡ್ಡ ಮನಸ್ಸಿಗಾಗಿ ಒಂದು ಲೋಟ ಮಜ್ಜಿಗೆಯೂ ಸಿಕ್ಕಿತು. ಆದರೆ ಖರೇ ಸಂಗತಿ ಬೇರೆ, ಅದು ಅವನೊಬ್ಬನಿಗೇ ಗೊತ್ತು. ಚೀಲದಲ್ಲಿ ಸುತ್ತಿಗೆ ಇತ್ತು, ಉಳಿಯೂ ಇತ್ತು, ಅಂಗಡಿಯ ಚೀಟಿ ಸಹ ಕಿತ್ತಿರಲಿಲ್ಲ. ಅವನಿಗೆ ಉಳಿ ಹಿಡಿಯಲು ಬರುತ್ತಿರಲಿಲ್ಲ. ಜೀವಮಾನದಲ್ಲಿ ಹಿಡಿದೇ ಇರಲಿಲ್ಲ. ನಾಲ್ಕು ಹೆಂಗಸರ ಎದುರಿಗೆ ಎಂಜಿನಿಯರ ಸಾಹೇಬರ ಸುತ್ತಿಗೆ ಹೆಬ್ಬೆರಳಿಗೆ ಬಿದ್ದು, ಅವರು ಸೆರಗು ಬಾಯಿಗೊತ್ತಿ ನಗುವುದನ್ನು ಅವನು ಮುಂಚಿತವಾಗಿಯೇ ನೋಡಿಬಿಟ್ಟಿದ್ದ. ಅಷ್ಟಕ್ಕೆ ಹೆದರಿದ. ಛೀ, ಅಷ್ಟಕ್ಕೇ!

ಇನ್ನು ಗುರುತು ಹಾಕುವುದೋ, ಅದಕ್ಕೆ ಕೈ ತಾನಾಗಿ ಹೋಗುತ್ತಿತ್ತು. ಮೂವತ್ಮೂರು ವರ್ಷ ಸರಕಾರಿ ಕಚೇರಿಯಲ್ಲಿ ಅವನು ಮಾಡಿದ್ದು ಅದನ್ನೇ. ಕಡತ ಬರುತ್ತಿತ್ತು, ‘ಸ್ಥಳ ಪರಿಶೀಲಿಸಲಾಗಿದೆ’ ಎಂದು ಬರೆದು ಸಹಿ ಮಾಡುತ್ತಿದ್ದ. ಸ್ಥಳ ಎಲ್ಲಿದೆ ಎಂದು ಅವನಿಗೆ ನಕಾಶೆಯಲ್ಲಿ ಗೊತ್ತಿರುತ್ತಿತ್ತು. ಲಂಚ ಮುಟ್ಟಲಿಲ್ಲ, ಒಬ್ಬರ ಹಂಗಿಗೂ ಬೀಳಲಿಲ್ಲ, ಅಕ್ಷರ ಮುತ್ತು ಪೋಣಿಸಿದ ಹಾಗೆ. ಒಮ್ಮೆ ಯಾವುದೋ ಹಳ್ಳಿಯಲ್ಲಿ ಸಾಲೆಯ ಕಂಪೌಂಡು ಗೋಡೆ ಉರುಳಿತು. ರಜೆಯ ದಿನವಾಗಿತ್ತು ಪುಣ್ಯಕ್ಕೆ. ಒಂದು ಆಡು ಸತ್ತಿತು. ವಿಚಾರಣೆಗೆ ಬಂದವರು ಅವನ ಕಾಗದ ನೋಡಿ, ಎಲ್ಲ ಬರೋಬರಿ ಇದೆ ಎಂದು ತಲೆದೂಗಿ ಹೋದರು. ಆ ಆಡು ಸಾಕಿದ್ದ ಮುದುಕಿ ಮಾತ್ರ ಕಚೇರಿಯ ಮೆಟ್ಟಿಲ ಮೇಲೆ ಅರ್ಧ ದಿನ ಕೂತಿದ್ದಳು. ಒಳಗೆ ಕರೆದು ಮಾತಾಡಿಸಬೇಕೆಂದುಕೊಂಡ. ಊಟದ ಹೊತ್ತಾಯಿತು, ಹಿಂದಿನ ಬಾಗಿಲಿನಿಂದ ಹೋದ. ನಿವೃತ್ತನಾದ ದಿನ ಶಾಲು ಹೊದಿಸಿ ‘ಕಳಂಕವಿಲ್ಲದ ಸೇವೆ’ ಎಂದು ಭಾಷಣ ಮಾಡಿದರು. ಆ ಹೊತ್ತಿನಲ್ಲಿ ಆ ಮುದುಕಿಯ ಮುಖ ಯಾಕೆ ನೆನಪಾಯಿತೋ, ಶಾಲಿನೊಳಗೆ ಸೆಕೆಯಾಗತೊಡಗಿತ್ತು.

“ಏನ್ ಬಂದದ ಫೋನಿನ್ಯಾಗ? ಮಾರಿ ಯಾಕ ಹಿಂಗ ಆಗೇದ?” ಹೆಂಡತಿ ನಿರುಪಮಾ ಹೂವಿನ ಬುಟ್ಟಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಹೊಗಳ್ಯಾರ.”

“ಹೊಗಳಿದ್ರ ಇಂಥಾ ಮಾರಿ, ಬೈದ್ರ ಹ್ಯಾಂಗಿರ್ತದೋ ಮಹಾರಾಯರದು.”

“ಕಮರಿಪೇಟಿಗೆ ಹೋಗಿ ಬರ್ತೇನಿ.”

“ಇವತ್ತ ಶನಿವಾರ ಅಲ್ಲಲ್ಲ! ಅಲ್ಲಾ, ಖರೇನ ಕೇಳ್ತೇನಿ, ಆ ಮಂದಿ ನಿಮಗ ಏನ್ ಕೊಡ್ತಾರ? ಬಸ್ಸಿನ ಚಾರ್ಜೂ ನಿಮ್ಮದಽ, ಬಿಸಲೂ ನಿಮ್ಮದಽ.”

ಏನು ಕೊಡುತ್ತಾರೆ? ಇದೇ ಪ್ರಶ್ನೆಯನ್ನು ಅವನು ತನಗೆ ತಾನೇ ಕೇಳಿಕೊಂಡಿರಲಿಲ್ಲವೆಂದಲ್ಲ. ಮೊದಲು ಹೋದದ್ದು ಬರೀ ಹುರುಪಿಗೆ, ಮತ್ತೆ ಯಾರಾದರೂ ‘ಸರ್’ ಅನ್ನಲಿ ಎಂಬ ಆಸೆಗೆ. ಒಳ್ಳೆಯ ಮರ್ಯಾದೆಯೇ ಆಯಿತು! ದೇಶಪಾಂಡೆ ನಗರದ ಆ ಸಣ್ಣ ಆಫೀಸಿನಲ್ಲಿ ಮೂವತ್ತೆರಡು ವಯಸ್ಸಿನ ಭಾಗ್ಯಶ್ರೀ ಅವನನ್ನು ಮೇಲಿಂದ ಕೆಳಗೆ ನೋಡಿ, “ಸರ್, ಏಣಿ ಹತ್ತತೀರೇನ್ರಿ?” ಎಂದು ಕೇಳಿದ್ದಳು. ಏಣಿ! ನಿವೃತ್ತ ಕಾರ್ಯನಿರ್ವಾಹಕ ಎಂಜಿನಿಯರನಿಗೆ! ಮನೆಗೆ ಬಂದು ಊಟ ಸೇರಲಿಲ್ಲ. ಆದರೂ ಮುಂದಿನ ವಾರ ಹೋದ. ಹೋಗುತ್ತ ಹೋಗುತ್ತ ಏನೋ ಬದಲಾಯಿತು. ಗೌಂಡಿ ರಿಯಾಜ ಯಾವ ಕಲ್ಲು ಎಷ್ಟು ನೀರು ಕುಡಿಯುತ್ತದೆ ಎಂದು ಬೆರಳು ಒದ್ದೆ ಮಾಡಿ ತೋರಿಸುತ್ತಿದ್ದ. ಭಾಗ್ಯಶ್ರೀ ಮಾಳಿಗೆಯ ಮೇಲೆ ನಿಂತು ಜಂತಿಗಳ ಲೆಕ್ಕ ಬಾಯಲ್ಲೇ ಹಾಕುತ್ತಿದ್ದಳು. ಕೆಲಸ ಮುಗಿದ ಮೇಲೆ ದುರ್ಗದ ಬೈಲಿನಲ್ಲಿ ನಿಂತು ಮಿರ್ಚಿ ತಿನ್ನುವಾಗ ಅವನ ಮೊಣಕಾಲು ನೋವೇ ಮರೆತುಹೋಗಿರುತ್ತಿತ್ತು. ಶನಿವಾರ ರಾತ್ರಿ ಅವನಿಗೆ ಹಾಸಿಗೆಗೆ ತಲೆ ಕೊಟ್ಟ ಕೂಡಲೇ ನಿದ್ದೆ. ಮೂವತ್ಮೂರು ವರ್ಷ ಯಾವ ಕಸುಬಿನ ಹೆಸರು ಹೇಳಿ ಸಂಬಳ ತಂದಿದ್ದನೋ ಆ ಕಸುಬನ್ನು ಈಗ ಕಲಿಯುತ್ತಿದ್ದ, ಅದೂ ಕದ್ದು ಕಲಿಯುತ್ತಿದ್ದ, ಗೊತ್ತಿದ್ದವನ ಹಾಗೆ ಮುಖ ಮಾಡಿಕೊಂಡು. ಇದನ್ನೆಲ್ಲ ನಿರುಪಮಾಗೆ ಹೇಗೆ ಹೇಳುವುದು? “ಏನೂ ಕೊಡಂಗಿಲ್ಲ” ಎಂದು ಚಪ್ಪಲಿ ಮೆಟ್ಟಿದ.

ಧಾರವಾಡದ ಮಾಳಮಡ್ಡಿಯ ಮೂಲೆ ತಿರುಗುವುದರೊಳಗೆ ಭಾಗ್ಯಶ್ರೀಗೆ ಫೋನು ಹಚ್ಚಿದ. ಅವಳ ಹಿಂದೆ ಕಾಂಕ್ರೀಟು ಕಲಸುವ ಯಂತ್ರದ ಸದ್ದು.

“ಹೇಳ್ರಿ ಸರ್. ಗುಂಪಿನ್ಯಾಗ ನೋಡಿದ್ರಿ?”

“ನೋಡಿದೆ. ಅಲ್ಲವಾ, ಆ ಜಾಕು ಇವತ್ತ ತಗೀಬ್ಯಾಡ್ರಿ. ಇನ್ನೊಂದ ವಾರ ಇರ್ಲಿ.”

“ಯಾಕ್ರಿ? ಗಾಜು ಒಡದೈತೇನು?”

“ಇಲ್ಲ. ಇಲ್ಲ, ಗಾಜು ಗಟ್ಟಿ ಅದ.”

“ಮತ್ತೇನ್ರಿ? ಹೆಬ್ಬಳ್ಳ್ಯಾಗ ಒಂದ ಮನ್ಯಾಗ ತೊಲಿ ಇಳದ ನಿಂತೈತಿ, ಒಳಗ ಆರ ಮಂದಿ ಅದಾರ. ನಮ್ಮ ಕಡೆ ಇರೋ ಜಾಕು ಅವ ಎರಡಽ. ಸುಮ್ನ ಅಲ್ಲಿ ಯಾಕ ನಿಂದರಸೂದು?”

ಈಗ ಹೇಳು, ಎಂದುಕೊಂಡ. ನಾಲ್ಕೇ ಮಾತು. ಬಾಯಿ ತೆರೆದ. “ಸುಮ್ನ ಹಂಗ ಅನಸ್ತು, ಅದಕ ಹೇಳಿದೆ” ಎಂದಿತು ಬಾಯಿ.

“ಅನಸೂದರ ಮ್ಯಾಲೆ ನಾವು ಕೆಲಸ ಮಾಡೂದಿಲ್ಲಲ್ರಿ ಸರ್” ಎಂದು ಅವಳು ನಕ್ಕು ಇಟ್ಟುಬಿಟ್ಟಳು.

ಹುಬ್ಬಳ್ಳಿಗೆ ಹೋಗುವ ಎಸಿ ಚಿಗರಿ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ತಂಪಿತ್ತು, ಆದರೂ ಬೆನ್ನು ಬೆವರುತ್ತಿತ್ತು. ಮಡಿಲಲ್ಲಿ ಚೀಲ, ಚೀಲದಲ್ಲಿ ಆ ಉಳಿ, ಸುತ್ತಿಗೆ, ಒಂದು ಡಬ್ಬಿ ಅಂಟು, ಮಿಕ್ಕ ಗಾಜು. ದಾರಿಯುದ್ದಕ್ಕೂ ಉಪಾಯ ಹೊಸೆದ. ಹನ್ನೆರಡಕ್ಕೆ ಮುಟ್ಟಿದರೆ ನಾಲ್ಕು ತಾಸು ಕೈಯಲ್ಲಿದೆ. ತಾನೇ ಗಿಲಾವು ಕೆತ್ತಿ ನೋಡುವುದು. ಒಳಗೆ ಗೋಡೆ ಗಟ್ಟಿಯಿದ್ದರೆ ಇನ್ನೊಂದು ಗಾಜು ಅಂಟಿಸಿ ಸುಮ್ಮನೆ ಬರುವುದು. ಯಾರಿಗೂ ತಿಳಿಯಬೇಕಾಗಿಲ್ಲ. ಗಟ್ಟಿಯಿದ್ದರೆ. ಈ ‘ಇದ್ದರೆ’ಯನ್ನು ಅವನು ನವಲೂರು ದಾಟುವ ತನಕ ಕಣ್ಣೆತ್ತಿ ನೋಡಲಿಲ್ಲ. ಆಮೇಲೆ ಅದೊಂದೇ ಉಳಿಯಿತು. ಆ ತೊಲೆಯ ಕೆಳಗೆ ನಾಲ್ಕು ಜನ ಕೂತು ರೊಟ್ಟಿ ಬಡಿಯುತ್ತಾರೆ. ಹೋದ ಶನಿವಾರ ಹೋದಾಗ ಕಸ್ತೂರೆವ್ವ ಅದೇ ತೊಲೆಗೆ ಮೊಮ್ಮಗಳ ತೊಟ್ಟಿಲು ಕಟ್ಟಿದ್ದಳು, ಮೂರು ತಿಂಗಳ ಕೂಸು. ಅವನೇ ಎರಡು ತೂಗು ತೂಗಿದ್ದ. ತೂಗಿ, ಗಾಜಿನ ಫೋಟೋ ತೆಗೆದಿದ್ದ, ಸುತ್ತಲಿನ ಹಸಿರು ಬಣ್ಣ ಕಾಣದ ಹಾಗೆ ಬಲು ಹತ್ತಿರ ಹಿಡಿದು. ಹಾಗೆ ಹತ್ತಿರ ಹಿಡಿಯಬೇಕೆಂದು ಯಾರು ಹೇಳಿಕೊಟ್ಟಿದ್ದರು ನಿನಗೆ ಪಂಢರಿನಾಥಾ? ಗೊತ್ತಿಲ್ಲದೆ ಮಾಡಿದ ತಪ್ಪಿಗೆ ಅಷ್ಟು ಚಾಲಾಕಿ ಇರುವುದಿಲ್ಲ. ಹೊಸೂರಿನಲ್ಲಿ ಬಸ್ಸು ನಿಂತಾಗ ಅವನು ಎದ್ದು ಬಾಗಿಲಿಗೆ ಹೋಗಿ ನಿಂತ, ಇಳಿಯುವ ನಿಲ್ದಾಣ ಇನ್ನೂ ಮುಂದಿದ್ದರೂ.

“ಬರ್ರಿ ಬರ್ರಿ ಸಾಹೇಬ್ರ, ಇವತ್ತೇನ ದಾರಿ ತಪ್ಪಿ ಬಂದ್ರಿ?” ಕಸ್ತೂರೆವ್ವ ಹಿಟ್ಟಿನ ಕೈ ಝಾಡಿಸಿದಳು. ಪಡಸಾಲೆ ಹೊಗೆಯಲ್ಲಿ ಕಾವೇರಿತ್ತು. ರೊಟ್ಟಿಯ ಸದ್ದು ಒಂದೇ ಸಮನೆ, ಟಪ ಟಪ ಟಪ ಟಪ. ತೊಟ್ಟಿಲಲ್ಲಿ ಕೂಸು ಮುಷ್ಟಿ ಬಿಗಿದು ಮಲಗಿತ್ತು.

“ಕಸ್ತೂರೆವ್ವಾರ, ಮೊದಲ ಕೂಸಿನ್ನ ತಗೀರಿ. ತಗೊಂಡ ಎಲ್ಲಾರೂ ಅಂಗಳಕ್ಕ ಬರ್ರಿ. ಗೋಡಿ ಕೆತ್ತೋದದ.”

“ಈಗೇನ್ರಿ? ಸಂಜೀಕ ಆರನೂರ ರೊಟ್ಟಿ ಕೊಡೂದೈತಿ, ಮದುವಿ ಮನೀದು. ಆ ಎಂಜಿನಿಯರ ಬಾಯಾರು ಫೋನ ಮಾಡಿದ್ರಲ್ಲ, ಗಾಜು ಗಟ್ಟಿ ಐತಿ, ಏನೂ ಭಯ ಇಲ್ಲ ಅಂತ.”

“ಗಾಜು ಗಟ್ಟಿ ಅದರೀ. ಗೋಡಿ ಗಟ್ಟಿ ಅದನೋ ಇಲ್ಲೋ ನನಗ ಗೊತ್ತಿಲ್ಲ.”

ಟಪಟಪ ನಿಂತಿತು. ನಾಲ್ಕೂ ಜನ ಅವನ ಮುಖ ನೋಡಿದರು. ಕಸ್ತೂರೆವ್ವ ತೊಟ್ಟಿಲ ಹಗ್ಗ ಹಿಡಿದಳು. “ಗೊತ್ತಿಲ್ಲಂದ್ರ? ಏನೂ ಅಂಜಬ್ಯಾಡ್ರಿ ಅಂದವ್ರು ನೀವಽ ಅಲ್ಲೇನ್ರಿ? ನಿಮ್ಮ ಮಾತಿನ ಮ್ಯಾಲೆ ಅಲ್ರಿ ನಾ ತೊಟ್ಟಲಾ ಕಟ್ಟಿದ್ದು?”

“ನಾನಽ ಅಂದಿದ್ದೆ. ನೋಡದ ಅಂದಿದ್ದೆ. ಕೂಸಿನ್ನ ತಗೀರೆವ್ವಾ, ಕೈ ಮುಗೀತೇನಿ.”

ಆಕೆ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕೂಸನ್ನು ಎದೆಗೆ ಅವುಚಿಕೊಂಡು, ದಾಟಿ ಹೋಗುವಾಗ ಅವನಿಗೆ ಸೆರಗೂ ತಾಕದ ಹಾಗೆ ಸರಿದು ಹೋದಳು.

ಪಡಸಾಲೆಯಲ್ಲಿ ಅವನೊಬ್ಬನೇ. ಬೆರಳ ಗೆಣ್ಣಿನಿಂದ ಹಸಿರು ಗೋಡೆಯನ್ನು ತಟ್ಟಿದ: ಡಬ್, ಡಬ್. ಎದುರು ಗೋಡೆಗೆ ಹೋಗಿ ತಟ್ಟಿದ: ಬರೀ ಗೆಣ್ಣು ನೋಯಿತು, ಸಪ್ಪಳವೇ ಇಲ್ಲ. ತಿರುಗಿ ಬಂದು ಮತ್ತೆ ತಟ್ಟಿದ: ಡಬ್, ಡಬ್. ಅಯ್ಯೋ ದೇವರೇ, ಎಷ್ಟು ಸ್ಪಷ್ಟ! ಆರು ವಾರ ಬಂದು ಹೋದವನು ಒಂದು ಸಲ ಕೈಯಿಂದ ತಟ್ಟಿದ್ದರೆ ಕೇಳಿಸುತ್ತಿತ್ತು, ಸಣ್ಣ ಮಕ್ಕಳಿಗೂ ಕೇಳಿಸುತ್ತಿತ್ತು. ಉಳಿಯನ್ನು ಗಾಜಿನಿಂದ ಗೇಣು ಮೇಲೆ ಇಟ್ಟು ಸುತ್ತಿಗೆ ಬೀಸಿದ. ಮೊದಲ ಏಟು ಜಾರಿತು. ಎರಡನೆಯದು ಸರಿಯಾಗಿ ಹೆಬ್ಬೆರಳಿಗೆ ಬಿತ್ತು. ಕಣ್ಣಲ್ಲಿ ನೀರು ಬಂತು, ನಗುವವರು ಯಾರೂ ಇರಲಿಲ್ಲ. ಬಿಡಲಿಲ್ಲ. ಐದೋ ಆರೋ ಏಟಿಗೆ ಒಳಗೆ ಏನೋ ಸಡಿಲವಾಯಿತು, ರೊಟ್ಟಿಯ ಪರಾತದಷ್ಟು ದೊಡ್ಡ ಗಿಲಾವಿನ ಚಕ್ಕೆ ಇಡಿಯಾಗಿ ಕಳಚಿ ಅವನ ಕಾಲ ಬಳಿ ಬಿತ್ತು. ಒಳಗೆ ಗೋಡೆ ಸೀಳಿತ್ತು. ಮೇಲೆ ಕೂದಲೆಳೆಯಾಗಿ ಕಂಡದ್ದು ಒಳಗೆ ಎರಡು ಬೆರಳು ಹೋಗುವಷ್ಟು. ಬೆರಳು ಹಾಕಿ ನೋಡಿದ. ಒಳಗಿನ ಮಣ್ಣು ಒಣ ಹಿಟ್ಟಿನಂತೆ ಸುರಿಯಿತು, ನಿಲ್ಲಲೇ ಇಲ್ಲ. ತೊಲೆಯ ತುದಿ ಕೂತಿದ್ದ ಕಲ್ಲು ಅರ್ಧ ಹೊರಗೆ ಬಂದಿತ್ತು. ಆ ಎರಡು ಜಾಕುಗಳ ಮೇಲೆಯೇ ಇಡೀ ಮಾಳಿಗೆ ನಿಂತಿತ್ತು.

ಕೆಳಗೆ ಬಿದ್ದ ಚಕ್ಕೆಯ ಮೇಲೆ ಗಾಜು ಹಾಗೇ ಇತ್ತು. ಅಷ್ಟೆತ್ತರದಿಂದ ಬಿದ್ದರೂ ಒಡೆದಿರಲಿಲ್ಲ. ಅವನ ಮುತ್ತಿನಂಥ ಅಕ್ಷರದ ತಾರೀಖು ಒರೆಸಿಹೋಗಿರಲಿಲ್ಲ. ಅದನ್ನೇ ನೋಡುತ್ತ ಕೂತಾಗ ಅವನಿಗೆ ಆ ವಿಚಾರ ಬಂತು. ಬಂತು ಎನ್ನುವುದೂ ತಪ್ಪೇ, ಮೊದಲೇ ಒಳಗೆ ಕೂತಿತ್ತೋ ಏನೋ, ಈಗ ಎದ್ದು ಹೊರಗೆ ಬಂತು. ಸುತ್ತಿಗೆಯಿಂದ ಒಂದು ಸಣ್ಣ ಏಟು. ಗಾಜು ಎರಡು ತುಂಡು, ಕೆಳಗಿನ ಹಸಿರು ಗಿಲಾವು ಪುಡಿ. ‘ಯಾಕೋ ಅನುಮಾನವಾಗಿ ಬಂದೆ, ನೋಡಿದರೆ ಗಾಜು ಒಡೆದಿದೆ, ಗೋಡೆ ಸರಿದಿದೆ’ ಎಂದರೆ ಮುಗಿಯಿತು. ಜಾಕು ಉಳಿಯುತ್ತದೆ. ಕೂಸು ಉಳಿಯುತ್ತದೆ. ಕಸ್ತೂರೆವ್ವ ಒಂದು ಮಾತು ಆಡಿಯಾಳು, ಆದರೆ ಆಕೆಗೆ ಗಾಜಿನ ಸಂಗತಿ ಏನು ತಿಳಿಯುತ್ತದೆ? ಗುಂಪಿನಲ್ಲಿ ಇನ್ನೂ ಹತ್ತು ಜನ ಕೈಮುಗಿದಾರು, ಬೆಳಿಗ್ಗೆ ಫೋನಿನಲ್ಲಿ ‘ಅನಸ್ತು’ ಅಂದದ್ದೂ ತಾನಾಗಿ ಖರೇ ಆಗುತ್ತದೆ. ಯಾರಿಗೆ ನಷ್ಟ? ಅವನು ಸುತ್ತಿಗೆ ಎತ್ತಿದ. ಖರೇನೇ ಎತ್ತಿದ. ಎತ್ತಿದ ಕೈಯಲ್ಲಿಯೇ ಲೆಕ್ಕ ಬಂತು: ಇಂಥ ಗಾಜು ಇದೊಂದೇ ಅಲ್ಲ. ಕಮರಿಪೇಟೆಯಲ್ಲಿ ಅವನ ಪಾಲಿಗೆ ಕೊಟ್ಟ ಮನೆಗಳು ಏಳು. ಮೊದಲನೆಯದರಲ್ಲಿ ಕೆತ್ತದವನು ಎರಡನೆಯದರಲ್ಲಿ ಯಾಕೆ ಕೆತ್ತಿಯಾನು? ಏಳಕ್ಕೆ ಏಳೂ ಫಾರಮಿನಲ್ಲಿ ಏಳು ‘ಹೌದು’. ಈ ಒಂದನ್ನು ಒಡೆದರೆ ಉಳಿದ ಆರು ಗಾಜಿನ ಮೇಲೆ ಎಲ್ಲರ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ: ನೋಡ್ರಿ, ಗೋಡೆ ಸರಿದರೆ ಗಾಜು ಒಡೆದೇ ಒಡೆಯುತ್ತದೆ, ಒಡೆಯದಿದ್ದರೆ ಚಿಂತೆಯಿಲ್ಲ ಎಂದು. ಆ ಆರು ಎಂದೆಂದಿಗೂ ಒಡೆಯುವುದಿಲ್ಲ. ಪಂಢರಿನಾಥ ಸುತ್ತಿಗೆಯನ್ನು ಕೆಳಗಿಟ್ಟ. ತನ್ನ ಕೈಯನ್ನೇ ಅವನು ನಂಬಲಿಲ್ಲ, ಸುತ್ತಿಗೆಯನ್ನು ಕಾಲಿನಿಂದ ದೂರ ತಳ್ಳಿದ. ಚಕ್ಕೆಯನ್ನು ಎರಡೂ ಕೈಯಿಂದ ಎತ್ತಿಕೊಂಡು, ಗಾಜಿಗೆ ಪೆಟ್ಟಾಗದ ಹಾಗೆ, ಅಂಗಳಕ್ಕೆ ಬಂದು ಕಟ್ಟೆಯ ಮೇಲೆ ಮಡಿಲಲ್ಲಿಟ್ಟುಕೊಂಡು ಕೂತ. ಭಾಗ್ಯಶ್ರೀಗೆ ಫೋನು ಮಾಡಿದ. “ಜಾಕು ಮುಟ್ಟೋಹಾಂಗಿಲ್ಲ. ಗೋಡಿ ಹೋಗೇದ. ಲಗೂನ ಬಾರವಾ, ಉಳದದ್ದು ಬಂದಮ್ಯಾಲೆ ಹೇಳ್ತೇನಿ” ಎಂದ.

ಅವಳು ಅರ್ಧ ತಾಸಿನಲ್ಲಿ ಬಂದಳು, ಹೆಲ್ಮೆಟ್ಟು ಇನ್ನೂ ತಲೆಯ ಮೇಲೆಯೇ, ಹಿಂದೆ ರಿಯಾಜ. ಇಬ್ಬರೂ ನೇರ ಒಳಗೆ ಹೋದರು. ಒಳಗಿನಿಂದ ರಿಯಾಜ “ಯಾ ಅಲ್ಲಾ” ಎಂದದ್ದು ಅಂಗಳಕ್ಕೆ ಕೇಳಿಸಿತು. ಹೊರಗೆ ಬಂದ ಭಾಗ್ಯಶ್ರೀ ಅವನ ಮಡಿಲಲ್ಲಿದ್ದುದನ್ನು ನೋಡಿದಳು. ಗಾಜು, ಅದರ ಕೆಳಗೆ ಗಿಳಿಹಸಿರು ಬಣ್ಣ. ಅವಳಿಗೆ ಹೇಳುವ ಅಗತ್ಯವೇ ಇರಲಿಲ್ಲ. ಆದರೂ ಅವನು ಹೇಳಿದ.

“ನಾ ಕೆತ್ತಿರಲಿಲ್ಲ. ಕೆತ್ತೇನಿ ಅಂತ ಬರದೆ.”

“ಯಾಕ್ರಿ?”

“ಉಳಿ ಹಿಡೀಲಿಕ್ಕೆ ಬರ್ತಿದ್ದಿಲ್ಲ. ಹೇಳಲಿಕ್ಕೆ ನಾಚಿಕಿ ಆತು.”

ರಿಯಾಜ ಬಾಗಿಲಿಗೆ ಆತು ನಿಂತಿದ್ದ. “ಒಂದ ಮಾತ ಹೇಳಿದ್ರ ನಾ ಬರತಿದ್ನಲ್ರಿ ಸರ್” ಎಂದ. “ಹತ್ತ ನಿಮಿಷದ ಕೆಲಸರೀ ಅದು.” ವ್ಯಂಗ್ಯವಿರಲಿಲ್ಲ ಅವನ ದನಿಯಲ್ಲಿ, ಬರೀ ಆಶ್ಚರ್ಯ. ಪಂಢರಿನಾಥನಿಗೆ ಇಡೀ ದಿನದಲ್ಲಿ ಅಷ್ಟು ನೋವು ಕೊಟ್ಟ ಮಾತು ಇನ್ನೊಂದಿಲ್ಲ.

ಭಾಗ್ಯಶ್ರೀ ಕೇಳಿದಳು: “ಇದೊಂದಽ ಏನ್ರಿ?”

“ಏಳೂ.”

ಅವಳು ಕಟ್ಟೆಯ ಇನ್ನೊಂದು ತುದಿಗೆ ಕೂತಳು. ಹೆಲ್ಮೆಟ್ಟು ತೆಗೆದು ಮಗ್ಗುಲಿಗಿಟ್ಟಳು. “ನನಗ ಸಿಟ್ಟ ಬಂದೈತಿ ಸರ್. ಭಾಳ ಬಂದೈತಿ. ನೀವು ಹಿರ್ಯಾರು ಅಂತ ನಾ ಒಮ್ಮೀನೂ ಬಂದ ತಪಾಸ ಮಾಡ್ಲಿಲ್ಲ. ಅದು ನಂದ ತಪ್ಪ, ಒಪ್ಪತೇನಿ. ಆದ್ರ ಹೌದು ಅಂತ ಬರದವ್ರು ನೀವು. ಇನ್ನ ಮೂರ ತಾಸಿನ್ಯಾಗ ಆ ಜಾಕು ನಾನಽ ನಿಂತ ಬಿಚ್ಚಸ್ತಿದ್ದೆ. ನನ್ನ ಕೈಲೆ ಆಗತಿತ್ರಿ ಅದು, ನನ್ನ ಕೈಲೆ!”

ಇಷ್ಟು ವರ್ಷದಲ್ಲಿ ಯಾರೂ ಅವನ ಮುಖಕ್ಕೆ ಹೀಗೆ ಹೇಳಿರಲಿಲ್ಲ. ಕಚೇರಿಯಲ್ಲಿ ಮೇಲಿನವರು ಕಾಗದ ನೋಡಿದರು, ಕೆಳಗಿನವರು ಅವನ ಮುಖದ ಕಳೆ ನೋಡಿದರು. ಗೋಡೆಯನ್ನು ನೋಡಿ ಅವನನ್ನು ಬೈದವರೇ ಇಲ್ಲ. ಕಿವಿ ಕಾದವು, ಆದರೂ ಅಲ್ಲಿಂದ ಏಳಬೇಕೆನಿಸಲಿಲ್ಲ. ಹಿಂದಿನ ಬಾಗಿಲು ಇಲ್ಲಿಯೂ ಇತ್ತು, ಕಸ್ತೂರೆವ್ವನ ಅಡಿಗೆ ಮನೆಯ ಕಡೆಗೆ. ಅವನು ಅದರ ಕಡೆ ನೋಡಲಿಲ್ಲ.

“ನಾಳಿಂದ ನಾ ಬರೋದಿಲ್ಲ” ಎಂದ. “ಹೆಸರು ತಗದಬಿಡ್ರಿ.”

“ತಗೀಲಿಕ್ಕೆ ನಾ ಯಾರ್ರಿ? ಬರಬ್ಯಾಡ್ರಿ ಅಂತ ನಾ ಅಂದ್ನೇನು?” ಅವಳು ಸಿಡುಕಿದಳು. “ಹೆಸರ ತಗದ್ರ ನಿಮಗ ಸಸಾರ ಆಗತೈತಿ. ಇನ್ನಾ ಆರ ಮನಿ ಯಾರ ಕೆತ್ತಬೇಕು? ಮೊದಲ ಗುಂಪಿನ್ಯಾಗ ಹಾಕ್ರಿ. ನೀವಽ ಹಾಕ್ರಿ, ನಾ ಹಾಕೂದಿಲ್ಲ.”

ಊದಿಕೊಂಡ ಹೆಬ್ಬೆರಳಿನಿಂದ ಒತ್ತುವುದು ಕಷ್ಟವಾಯಿತು. ತೋರುಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಬರೆದ: ‘ಕಮರಿಪೇಟೆಯ ನನ್ನ ಏಳೂ ಮನೆಗಳಲ್ಲಿ ನಾನು ಗಿಲಾವು ಕೆತ್ತದೆ ಗಾಜು ಅಂಟಿಸಿದ್ದೇನೆ. ಕೆತ್ತಿದ್ದೇನೆಂದು ಸುಳ್ಳು ಬರೆದಿದ್ದೇನೆ. ಆ ಏಳು ವರದಿಗಳನ್ನು ಯಾರೂ ನಂಬಬೇಡಿ. ಕಸ್ತೂರೆವ್ವನವರ ಗೋಡೆ ಒಳಗೆ ಎರಡು ಬೆರಳು ಸೀಳಿದೆ. ಪಂಢರಿನಾಥ.’ ಬೆಳಗಿನ ಹನ್ನೊಂದು ನಮಸ್ಕಾರಗಳ ಕೆಳಗೆ ಹೋಗಿ ಅದು ಕೂತಿತು. ಎಲ್ಲರೂ ಓದಿದರು, ನೀಲಿ ಗೆರೆ ಬಿದ್ದದ್ದು ಕಂಡಿತು. ಆ ಹೊತ್ತಿಗೆ ರಿಯಾಜ ಹೆಬ್ಬಳ್ಳಿಗೆ ಬೇಕಾದ ಜಾಕುಗಳನ್ನು ತನ್ನ ಭಾವನ ಕೆಲಸದ ಜಾಗದಿಂದ ಕಳಿಸಲು ಫೋನಿನಲ್ಲಿ ಕೂಗಾಡುತ್ತಿದ್ದ; ಕಸ್ತೂರೆವ್ವ ಅಂಗಳದಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚುತ್ತಿದ್ದಳು, ಆರುನೂರು ರೊಟ್ಟಿ ಕೊಡಲೇಬೇಕಿತ್ತು. ಹಿಟ್ಟಿನ ಪರಾತ ಹೊರಗೆ ತರಲು ಪಂಢರಿನಾಥ ಕೈ ಹಚ್ಚಿದ. ಆಕೆ ಅವನತ್ತ ನೋಡದೆ ಒಲೆಗೆ ಕಟ್ಟಿಗೆ ತುರುಕಿದಳು.

ಹತ್ತು ನಿಮಿಷದ ಮೇಲೆ ಫೋನು ಗುಂಯ್ ಎಂದಿತು. ಧಾರವಾಡದ ಮಡಿವಾಳಪ್ಪ, ಎಷ್ಟೋ ವರ್ಷ ಕಾಲೇಜಿನಲ್ಲಿ ಕಟ್ಟಡಶಾಸ್ತ್ರ ಕಲಿಸಿದವರು, ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು, ಬೆಳಿಗ್ಗೆ ಹೂಗುಚ್ಛ ಹಾಕಿದವರು. ‘ನನ್ನ ಮೂರರಲ್ಲಿ ಎರಡು ಕೆತ್ತಿಲ್ಲ. ಈಗಲೇ ಹೊರಟೆ’ ಎಂದು ಬರೆದಿದ್ದರು. ಭಾಗ್ಯಶ್ರೀ ಓದಿದಳು, ಪಂಢರಿನಾಥನ ಮುಖ ನೋಡಿದಳು, ತಲೆಯ ಮೇಲೆ ಕೈ ಹೊತ್ತು ಕೂತಳು. ಆಮೇಲೆ ಎದ್ದು ಸುತ್ತಿಗೆ ತಂದು ಅವನ ಕೈಗೆ ಕೊಟ್ಟು, “ಹಿಂಗಲ್ಲ, ಹಿಂಗ. ಹಿಡಿ ಸಡಲ ಇರ್ಲಿ. ಬಡಿಯೂದು ಕೈ ಅಲ್ರಿ, ಸುತ್ತಿಗಿ” ಎಂದು ತೋರಿಸಿದಳು. ಅವನು ಅಂಗಳದ ಗೋಡೆಯ ಮೇಲೆ ನಾಲ್ಕು ಸಲ ಬಡಿದು ನೋಡಿದ. ಮೂರು ಕಡೆ ಗಟ್ಟಿ, ಒಂದು ಕಡೆ ಪೊಳ್ಳು. “ಇಲ್ಲಿ ಬಿಟ್ಟದ” ಎಂದ. ಅವಳು ಕಿವಿಗೊಟ್ಟು, “ಹೌದು, ಬಿಟ್ಟೈತಿ” ಎಂದಳು. ಅರವತ್ತೆರಡು ವರ್ಷದ ಮುದುಕನಿಗೆ ಆ ಒಂದು ‘ಹೌದು’ ಕೇಳಿ ಎದೆ ತುಂಬಿ ಬಂತು ಎಂದರೆ ನಗಬೇಡಿ, ಖರೇನೇ ತುಂಬಿ ಬಂತು.

ಎರಡನೆಯ ಮನೆ ಅಲ್ಲಿಂದ ನಾಲ್ಕು ಹೆಜ್ಜೆ. ಹೊಲಿಗೆಯಂತ್ರ ರಿಪೇರಿ ಮಾಡುವ ಖಾಜಾಸಾಬನದು. ರಿಯಾಜ ಬರುತ್ತೇನೆಂದರೂ ಬೇಡವೆಂದ. ಭಾಗ್ಯಶ್ರೀ ಮಾತ್ರ ಕೈಕಟ್ಟಿ ಹಿಂದೆ ನಡೆದು ಬಂದಳು. ಹೆಬ್ಬೆರಳು ನೋವಿಗೆ ಸಿಡಿಯುತ್ತಿತ್ತು. ಬಾಗಿಲು ತಟ್ಟಿದ.

ಖಾಜಾಸಾಬ ಎಣ್ಣೆಗೈ ಒರೆಸಿಕೊಳ್ಳುತ್ತ ಹೊರಗೆ ಬಂದು ನಕ್ಕ. “ಅರೆ, ಬರ್ರಿ ಸಾಹೇಬ್ರ. ಮತ್ತ್ಯಾಕ ತ್ರಾಸ ತಗೊಂಡ್ರಿ? ಹೋದ ಸಲ ಎಲ್ಲಾ ನೋಡಿ ಹೋಗೀರೆಲ್ರಿ?”

“ಇಲ್ರಿ ಖಾಜಾಸಾಬ” ಎಂದ ಪಂಢರಿನಾಥ. “ಹೋದ ಸಲ ನಾ ನೋಡಿದ್ದಿಲ್ಲ. ಇವತ್ತ ನೋಡ್ತೇನಿ.”